ಪುಣೆಯ ಹಿತ್ತಲಿನಲ್ಲಿ ಸೋರೆಬುರುಡೆಯ ಹಕ್ಕಿಗೂಡು

ಸೋರೆಬುರುಡೆಯಿಂದ ಹಕ್ಕಿಗೂಡು ಮಾಡಬೇಕೆಂದಿರುವವರು ಮಾರುಕಟ್ಟೆಯಲ್ಲಿ ಸಿಗುವ ಸೋರೆಕಾಯಿಯನ್ನು ನೆಚ್ಚಿಕೊಳ್ಳಬಾರದು. ಪುಣೆಯ ಮಹಾತ್ಮಾ ಫುಲೆ ಮಂಡಯಿ ತರಕಾರಿ ಮಾರುಕಟ್ಟೆಯಲ್ಲಿ ದುಧಿ ಭೋಪಳಾ ಎಂದು ಮಾರುವ ಉದ್ದನೆಯ ಕಾಯಿಗಳು ಪಲ್ಯಕ್ಕಾಗಿ ಬೆಳೆಸಿದ ತಳಿಗಳವು. ತಿರುಳು ಎಳೆಯದಾಗಿರಲಿ, ಸಿಪ್ಪೆ ತೆಳುವಾಗಿರಲಿ ಎಂದೇ ಅವುಗಳನ್ನು ಆರಿಸುತ್ತ ಬಂದಿರುವುದರಿಂದ, ಬಳ್ಳಿಯ ಮೇಲೆ ಎಷ್ಟು ಬಲಿಯಲು ಬಿಟ್ಟರೂ ಅವುಗಳ ಚಿಪ್ಪು ಒಣಗಿದ ಮೇಲೆ ಕೈಯಲ್ಲಿ ಅದುಮಿದರೆ ಸೀಳುವಷ್ಟು ದುರ್ಬಲವಾಗಿಯೇ ಉಳಿಯುತ್ತದೆ. ಗೂಡಿಗೆ ಬೇಕಾದದ್ದು ಹೊಟ್ಟೆ ದುಂಡಗೆ, ಕುತ್ತಿಗೆ ಸಣ್ಣಗೆ, ಚಿಪ್ಪು ಐದು ಮಿಲಿಮೀಟರಿನ ಆಸುಪಾಸಿನಲ್ಲಿ ದಪ್ಪಗೆ ಇರುವ ಕಾಯಿ. ಆಕಾರ ಮತ್ತು ಚಿಪ್ಪಿನ ದಪ್ಪ ಇವೆರಡೂ ಬೀಜದಲ್ಲಿ ಮತ್ತು ಬಳ್ಳಿಯಲ್ಲಿ ತೀರ್ಮಾನವಾಗುವ ಸಂಗತಿಗಳು. ಕೊರೆಯುವುದು, ಉಜ್ಜುವುದು, ಬಣ್ಣ ಹಚ್ಚುವುದು ಎಲ್ಲವೂ ಆಮೇಲಿನ ಸಣ್ಣ ಕೆಲಸಗಳು. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಬಳ್ಳಿ ಮತ್ತು ಒಣಗಿಸುವಿಕೆಯ ಬಗ್ಗೆಯೇ ಇದೆ.

ದಪ್ಪ ಚಿಪ್ಪಿನ ಸೋರೆಗೆ ಮಹಾರಾಷ್ಟ್ರದಲ್ಲಿ ಕೊರತೆಯಿಲ್ಲ. ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಗಳ ಸುತ್ತಿನ ಹೊಲಗಳಲ್ಲಿ ತಂಬೂರಿಗೆಂದೇ ಸೋರೆ ಬೆಳೆಯುತ್ತಾರೆ, ಅಲ್ಲಿಂದ ಅದು ಮಿರಜಿನ ವಾದ್ಯ ತಯಾರಕರ ಕೈ ಸೇರುತ್ತದೆ. ಒಂದು ಕಾಲಕ್ಕೆ ಆಯುಧಗಳನ್ನು ಮಾಡಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ಆ ಊರಿನಲ್ಲಿ ಸಿತಾರ್, ತಂಬೂರಿಗಳ ಕೆಲಸಕ್ಕೆ ತಿರುಗಿದರು. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಬೆನ್ನಿಗೆ ನುಡಿಯುತ್ತಿದ್ದ ತಂಬೂರಿಗಳ ಬುಡದಲ್ಲಿದ್ದದ್ದೂ ಇದೇ ಸೋರೆ ಎಂಬುದನ್ನು ನಮ್ಮ ಕನ್ನಡದ ಮನೆಗಳಲ್ಲಿ ನೆನೆಯದವರಿಲ್ಲ. ಆದರೆ ತಂಬೂರಿಯ ಬುರುಡೆ ಗುಬ್ಬಚ್ಚಿಗೆ ತೀರ ದೊಡ್ಡದು. ನಾನು ಆರಿಸಿಕೊಂಡದ್ದು ವಿಜಯಪುರದ ಕಡೆಯ ನಮ್ಮ ಬಂಧುಗಳು ಬೀಜ ತುಂಬಿಡಲು ಇಂದಿಗೂ ಬಳಸುವ, ತಂಬಿಗೆಯಷ್ಟು ಹೊಟ್ಟೆಯ ಸಣ್ಣ ತಳಿಯನ್ನು. ಒಣಗಿದ ಮೇಲೆ ಅದರ ಹೊಟ್ಟೆಯ ಅಡ್ಡಳತೆ ಹದಿನೈದರಿಂದ ಹದಿನೆಂಟು ಸೆಂಟಿಮೀಟರ್ ನಿಲ್ಲುತ್ತದೆ.

ಈ ತಳಿಯ ಕಾಯಿ ಕಹಿ. ಕುಕುರ್ಬಿಟಾಸಿನ್ ಎಂಬ ವಸ್ತುವಿನಿಂದ ಬರುವ ಈ ಕಹಿ ಬರೀ ರುಚಿಯ ಮಾತಲ್ಲ, ಕಹಿ ಸೋರೆಯ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿಯೇ ಇದ್ದಾರೆ. ಹಿತ್ತಲಿನಲ್ಲಿ ಬುರುಡೆಯ ಸೋರೆಯನ್ನೂ ಅಡುಗೆಯ ಸೋರೆಯನ್ನೂ ಒಟ್ಟಿಗೆ ಬೆಳೆದರೆ ಪತಂಗಗಳು ಪರಾಗವನ್ನು ಬೆರೆಸುತ್ತವೆ. ಆ ವರ್ಷದ ಕಾಯಿಗೆ ಇದರಿಂದ ಏನೂ ಆಗದು, ಆದರೆ ಅದರಿಂದ ಉಳಿಸಿಕೊಂಡ ಬೀಜದಲ್ಲಿ ಮುಂದಿನ ವರ್ಷ ಅಡುಗೆಯ ಬಳ್ಳಿಗೂ ಕಹಿ ಬರಬಹುದು. ಆದ್ದರಿಂದ ಬುರುಡೆಯ ಬಳ್ಳಿ ಇರುವಲ್ಲಿ ಅಡುಗೆಯ ಸೋರೆಗೆ ಪ್ರತಿಸಲ ಹೊಸ ಬೀಜವನ್ನೇ ತರುವುದು ಕ್ಷೇಮ.

ಪುಣೆಯಲ್ಲಿ ಸೋರೆಯನ್ನು ಬೇಸಿಗೆಗೂ ಮಳೆಗಾಲಕ್ಕೂ ಬಿತ್ತುತ್ತಾರೆ. ತರಕಾರಿಗೆ ಎರಡೂ ಸರಿ. ಬುರುಡೆಗೆ ಮಾತ್ರ ಮಳೆಗಾಲದ ಬಿತ್ತನೆಯೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜೂನ್ ಮಧ್ಯದಲ್ಲಿ ನೆಲ ನೆನೆದ ಮೇಲೆ ಬಿತ್ತಿದ ಬಳ್ಳಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಕಾಯಿ ಕಚ್ಚುತ್ತದೆ, ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಕಾಯಿ ಬಲಿಯುತ್ತದೆ, ಮತ್ತು ಒಣಗಿಸಲು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆ ಪೂರ್ತಿಯಾಗಿ ಸಿಗುತ್ತದೆ. ಬೇಸಿಗೆಯ ಬಳ್ಳಿಯ ಕಾಯಿ ಬಲಿತು ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಹಸಿಗಾಳಿಯಲ್ಲಿ ಸೋರೆ ಒಣಗುವುದಕ್ಕಿಂತ ಮೊದಲು ಕೊಳೆಯುತ್ತದೆ. ಕೊಂಕಣದ ಅಥವಾ ಗೋವೆಯ ತೇವದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಬೀಜದ ಸಿಪ್ಪೆ ಗಟ್ಟಿಯಾದದ್ದು. ಉಗುರು ಕತ್ತರಿಸುವ ಸಾಧನದಿಂದ ಚಪ್ಪಟೆ ತುದಿಯ ಮೂಲೆಯನ್ನು ಕೂದಲೆಳೆಯಷ್ಟು ಚಿವುಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಕಂಡ ಮೇಲೆ ನೆಡುತ್ತೇನೆ. ನಮ್ಮ ಕಡೆ ಕಪ್ಪುಮಣ್ಣು. ಅದು ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಉಸಿರುಗಟ್ಟಿಸುತ್ತದೆ. ಅದಕ್ಕಾಗಿ ಮೊಣಕಾಲಾಳದ ಗುಂಡಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ ಅದರ ಮೇಲೆ ನೆಟ್ಟಿದ್ದೇನೆ. ಯೂರಿಯಾ ಹಾಕಿದರೆ ಎಲೆ ದಟ್ಟವಾಗುತ್ತದೆ, ಹೂವು ಕಡಿಮೆಯಾಗುತ್ತದೆ.

ಚಪ್ಪರವನ್ನು ಮಾತ್ರ ಗಟ್ಟಿಯಾಗಿ ಕಟ್ಟಬೇಕು. ಒಂದೊಂದು ಹಸಿ ಕಾಯಿ ಎರಡು ಕಿಲೋ ದಾಟುತ್ತದೆ, ಅದರ ಮೇಲೆ ಮಳೆಯಲ್ಲಿ ನೆನೆದ ಎಲೆಗಳ ಭಾರ ಬೇರೆ. ನಾನು ನಾಲ್ಕು ಕಬ್ಬಿಣದ ಕೊಳವೆಗಳನ್ನು ನೆಲದಲ್ಲಿ ಹುಗಿದು, ತಲೆಗಿಂತ ತುಸು ಎತ್ತರದಲ್ಲಿ ಬಿದಿರಿನ ಅಡ್ಡಪಟ್ಟಿ ಕಟ್ಟಿ, ಅಂಗೈ ತೂರುವಷ್ಟು ಕಣ್ಣಿನ ನೈಲಾನ್ ಬಲೆ ಹರಡಿದೆ. ನೆಲದ ಮೇಲೆ ಬಿದ್ದು ಬೆಳೆದ ಕಾಯಿಯ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ, ಅದೇ ಮಗ್ಗುಲು ಮೊದಲು ಕೊಳೆಯುತ್ತದೆ. ಚಪ್ಪರದಿಂದ ಇಳಿಬಿದ್ದ ಕಾಯಿಗೆ ತನ್ನ ಭಾರದಿಂದಲೇ ಕುತ್ತಿಗೆ ನೆಟ್ಟಗಾಗುತ್ತದೆ, ಮುಂದೆ ಗೂಡನ್ನು ತೂಗುಹಾಕುವಾಗ ಅದು ವಾಲದೆ ನಿಲ್ಲುತ್ತದೆ.

ಸೋರೆಯ ಮುಖ್ಯ ಬಳ್ಳಿಯಲ್ಲಿ ಮೊದಲು ಬರುವುದು ಬರೀ ಗಂಡು ಹೂವುಗಳು, ಹೆಣ್ಣು ಹೂವು ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ ಬರುತ್ತದೆ. ಬಳ್ಳಿ ಚಪ್ಪರಕ್ಕೆ ಹತ್ತಿದ ಕೂಡಲೇ ಮುಖ್ಯ ಕುಡಿಯನ್ನು ಚಿವುಟಿದರೆ ಕವಲುಗಳು ಬೇಗ ಒಡೆಯುತ್ತವೆ. ಹೂವು ಬಿಳಿ, ಅರಳುವುದು ಸಂಜೆ, ಮರುದಿನ ಬಿಸಿಲೇರುವ ಹೊತ್ತಿಗೆ ಬಾಡುತ್ತದೆ. ಇದು ಜೇನುಹುಳುಗಳಿಗಿಂತ ಹೆಚ್ಚಾಗಿ ರಾತ್ರಿಯ ಪತಂಗಗಳನ್ನು ನಂಬಿಕೊಂಡ ಹೂವು. ಬೀದಿದೀಪಗಳ ನಡುವಿನ ನಗರದ ಹಿತ್ತಲಿಗೆ ಅವು ಸಾಕಷ್ಟು ಬರುವುದಿಲ್ಲ, ಹಾಗಾಗಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಕೈಯಾರೆ ಪರಾಗ ಹಚ್ಚುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಉದ್ದ ತೊಟ್ಟಿನ ಗಂಡು ಹೂವನ್ನು ಕಿತ್ತು, ಎಸಳು ಸುಲಿದು, ಕೆಳಗೆ ನವಿರು ರೋಮದ ಮರಿಗಾಯಿ ಇರುವ ಹೆಣ್ಣು ಹೂವಿನ ನಡುವೆ ಮೃದುವಾಗಿ ಒತ್ತಿದರೆ ಸಾಕು. ಬೀಜಕ್ಕೆಂದು ಇಟ್ಟುಕೊಳ್ಳುವ ಕಾಯಿಯ ಹೂವಿಗೆ ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಪರಾಗ ಹಚ್ಚಿದ ಮೇಲೆ ಮತ್ತೆ ಕಟ್ಟಿ, ತೊಟ್ಟಿಗೆ ಕೆಂಪು ದಾರ ಬಿಗಿಯುತ್ತೇನೆ.

ಒಂದು ಬಳ್ಳಿಗೆ ಮೂರು ನಾಲ್ಕು ಕಾಯಿಗಿಂತ ಹೆಚ್ಚು ಬಿಡಬಾರದು. ಇದು ಹೊಸಬರಿಗೆ ಒಪ್ಪಲು ಕಷ್ಟದ ಮಾತು, ಆದರೆ ಚಿಪ್ಪಿನ ದಪ್ಪ ಬರುವುದು ಇಲ್ಲಿಯೇ. ಇಪ್ಪತ್ತು ಕಾಯಿ ಹೊತ್ತ ಬಳ್ಳಿ ಇಪ್ಪತ್ತನ್ನೂ ಅರೆಬರೆ ಬಲಿಸುತ್ತದೆ. ಎಳೆಯ ಕಾಯಿಗೆ ದೊಡ್ಡ ಶತ್ರು ಹಣ್ಣುನೊಣ. ಅದು ಚುಚ್ಚಿ ಮೊಟ್ಟೆಯಿಟ್ಟ ಜಾಗದಲ್ಲಿ ಕಂದು ಅಂಟು ಒಸರುತ್ತದೆ, ಆಮೇಲೆ ಕಾಯಿ ಸೊಟ್ಟಗಾಗುತ್ತದೆ ಅಥವಾ ಒಳಗಿನಿಂದ ಕೊಳೆತು ಬೀಳುತ್ತದೆ. ಮರಿಗಾಯಿಗೆ ಪರಾಗ ಹಚ್ಚಿದ ಮರುದಿನವೇ ಕಾಗದದ ಅಥವಾ ಬಟ್ಟೆಯ ಚೀಲ ತೊಡಿಸಿ, ಸಿಪ್ಪೆ ಗಟ್ಟಿಯಾಗುವವರೆಗೂ ಬಿಟ್ಟರೆ ಹೆಚ್ಚಿನವು ಉಳಿಯುತ್ತವೆ. ಕ್ಯೂಲ್ಯೂರ್ ಎಂಬ ವಾಸನೆಯ ಆಮಿಷ ಹಾಕಿದ ಬಲೆಯ ಡಬ್ಬಿಗಳು ಗಂಡು ನೊಣಗಳನ್ನು ಹಿಡಿಯುತ್ತವೆ. ಅವು ಚೀಲಕ್ಕೆ ಜೊತೆಯಾಗಬಲ್ಲವೇ ಹೊರತು ಬದಲಿಯಲ್ಲ. ಸಸಿ ಎಳೆಯದಿರುವಾಗ ಬರುವ ಕೆಂಪು ದುಂಬಿಯನ್ನು ಬೆಳಗಿನ ಹೊತ್ತು, ಅದು ಮಂದವಾಗಿರುವಾಗ, ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಸುಲಭ. ಮಳೆಯ ಕೊನೆಯಲ್ಲಿ ಎಲೆಗೆ ಬೂದಿರೋಗ ಬಂದೇ ಬರುತ್ತದೆ. ಅಷ್ಟು ಹೊತ್ತಿಗೆ ಕಾಯಿ ತನ್ನ ಗಾತ್ರ ಪಡೆದಿರುವುದರಿಂದ ನಾನು ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ.

ಕಾಯಿಯನ್ನು ಯಾವಾಗ ಕೊಯ್ಯಬೇಕು ಎಂಬಲ್ಲಿ ಅವಸರಕ್ಕೆ ಎಡೆಯಿಲ್ಲ. ನಮ್ಮ ಸೊಸೈಟಿಯ ತೋಟ ನೋಡಿಕೊಳ್ಳುವ ಕಾಕಾ ಕಲಬುರಗಿ ಕಡೆಯವರು. ಅಕ್ಟೋಬರಿನಲ್ಲಿ ನಾನು ಕತ್ತರಿ ಹಿಡಿದು ಚಪ್ಪರದ ಕೆಳಗೆ ನಿಂತದ್ದನ್ನು ನೋಡಿ, "ಅಕ್ಕಾರ, ಬಳ್ಳಿ ತಾನಾ ಒಣಗಿ ಕೈ ಬಿಡೂ ತನಕ ಕಾಯಿಗೆ ಕೈ ಹಚ್ಚಬ್ಯಾಡ್ರಿ, ತೊಟ್ಟು ಕಂದಾಗಿ ಕಟ್ಟಿಗಿಯಂಗ ಆಗಬೇಕ್ರಿ" ಎಂದರು. ಅದಕ್ಕಿಂತ ಸರಿಯಾದ ಸೂತ್ರ ಇಲ್ಲ. ತೊಟ್ಟಿನ ಪಕ್ಕದ ಸುರುಳಿಹಂಬು ಒಣಗಿರಬೇಕು, ಹಸಿರು ಬಣ್ಣ ಮಾಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿರಬೇಕು, ಉಗುರು ಒತ್ತಿದರೆ ಗುರುತು ಬೀಳಬಾರದು. ಕೊಯ್ಯುವಾಗ ತೊಟ್ಟನ್ನು ನಾಲ್ಕು ಬೆರಳಷ್ಟು ಉಳಿಸಿಕೊಳ್ಳಬೇಕು, ಏಕೆಂದರೆ ತೊಟ್ಟು ಕಿತ್ತು ಬಂದ ಗಾಯದ ಮೂಲಕ ಕೊಳೆ ಒಳಗೆ ಇಳಿಯುತ್ತದೆ.

ಕೊಯ್ದ ಕಾಯಿಯನ್ನು ಹತ್ತುಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಮಳೆ ಬಿಸಿಲು ಎರಡೂ ತಾಗದ, ಗಾಳಿಯಾಡುವ ಜಾಗದಲ್ಲಿ, ಒಂದಕ್ಕೊಂದು ತಗಲದಂತೆ ಬಿದಿರಿನ ತಟ್ಟಿಯ ಮೇಲೆ ಇಟ್ಟೆ. ಹಿಂಬಾಗಿಲಿನ ಪಡಸಾಲೆ ಇದಕ್ಕೆ ಅನುಕೂಲವಾಗಿತ್ತು. ನೇರ ಬಿಸಿಲಿಗೆ ಇಟ್ಟರೆ ಬೇಗ ಒಣಗೀತು ಎಂಬ ಸಲಹೆ ಹಲವರಿಂದ ಬಂದಿತು. ಬಿಸಿಲಿಗೆ ಹೊರಪದರ ಮೊದಲೇ ಬಿಗಿದುಕೊಂಡು ಒಳಗಿನ ನೀರು ಹಾಗೆಯೇ ಉಳಿದರೆ ಕಾಯಿ ಸುಕ್ಕಾಗುತ್ತದೆ ಅಥವಾ ಬಿರಿಯುತ್ತದೆ. ಸೋರೆ ಒಣಗುವುದು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ, ನಿಧಾನವಾಗಿ. ಬೇಗ ಒಣಗಲೆಂದು ತೂತು ಕೊರೆಯುವುದು ಬೂಷ್ಟಿಗೆ ಬಾಗಿಲು ತೆರೆದಂತೆ.

ಬೂಷ್ಟಂತೂ ಬರುತ್ತದೆ. ಎರಡನೆಯ ಮೂರನೆಯ ವಾರದಲ್ಲಿ ಕಾಯಿಗಳ ಮೇಲೆ ಕಪ್ಪು, ಬಿಳಿ, ಹಸಿರು ಮಚ್ಚೆಗಳು ಹರಡಿದಾಗ ಮನೆಯವರೆಲ್ಲ ಅದನ್ನು ಎಸೆಯಬೇಕೆಂದೇ ಹೇಳುತ್ತಾರೆ. ಹೊರಗಿನ ಬೂಷ್ಟು ತೆಳು ಹೊರಸಿಪ್ಪೆಯನ್ನಷ್ಟೇ ತಿನ್ನುತ್ತದೆ, ಚಿಪ್ಪು ಗಟ್ಟಿಯಾಗಿದ್ದರೆ ಅದರಿಂದ ಹಾನಿಯಿಲ್ಲ. ಅದು ಬಿಟ್ಟುಹೋದ ಕಂದು ಮೋಡದಂತಹ ಕಲೆಗಳು ಉಜ್ಜಿ ತೊಳೆದ ಮೇಲೆ ಬುರುಡೆಗೆ ಅಂದವನ್ನೇ ಕೊಡುತ್ತವೆ. ಗಮನಿಸಬೇಕಾದದ್ದು ಮೆತ್ತಗಾಗುವಿಕೆ. ವಾರಕ್ಕೊಮ್ಮೆ ಕಾಯಿ ತಿರುವಿಡುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗಿದರೆ, ದುರ್ವಾಸನೆ ಬಂದರೆ ಅದನ್ನು ಗೊಬ್ಬರದ ಗುಂಡಿಗೆ ಕಳುಹಿಸಬೇಕು. ಬಲಿಯದೆ ಕೊಯ್ದ ಕಾಯಿಗಳು ಹೀಗೆ ಹೋಗುವುದು ನಿಶ್ಚಿತ. ಒಣಗುವಿಕೆಯ ಪ್ರಗತಿಗೆ ನಾನು ನಂಬಿದ್ದು ಅಡುಗೆಮನೆಯ ತಕ್ಕಡಿಯನ್ನು. ಹಸಿ ಕಾಯಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ, ಎರಡು ಕಿಲೋದ ಕಾಯಿ ಕೊನೆಗೆ ಇನ್ನೂರು ಗ್ರಾಮಿನ ಸುತ್ತ ಬಂದು ನಿಲ್ಲುತ್ತದೆ. ತೂಕ ಎರಡು ವಾರ ಇಳಿಯದೆ ನಿಂತರೆ, ಅಲ್ಲಾಡಿಸಿದಾಗ ಬೀಜ ಗಿಲಗಿಲ ಎಂದರೆ, ಒಣಗಿತು ಎಂದರ್ಥ. ಕೆಲವು ಕಾಯಿಗಳಲ್ಲಿ ಬೀಜ ಒಂದು ಮುದ್ದೆಯಾಗಿ ತಿರುಳಿಗೆ ಅಂಟಿಕೊಂಡು ಸದ್ದು ಮಾಡುವುದೇ ಇಲ್ಲ, ಅಲ್ಲಿ ತೂಕವೇ ಪ್ರಮಾಣ. ಸಣ್ಣ ಕಾಯಿಗಳಿಗೆ ಸುಮಾರು ಮೂರು ತಿಂಗಳು, ದೊಡ್ಡವಕ್ಕೆ ಆರು ತಿಂಗಳೂ ಹಿಡಿಯಬಹುದು.

ಹೊರಗಿನ ಸಿಪ್ಪೆ ತೆಗೆಯಲು ಬುರುಡೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿದ ಹಳೆಯ ಟವೆಲ್ಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಒಂದೆರಡು ಗಂಟೆ ಇಟ್ಟು, ಪಾತ್ರೆ ತಿಕ್ಕುವ ಉಕ್ಕಿನ ಜುಂಗಿನಿಂದ ಉಜ್ಜಿದರೆ ಸಾಕು. ಒಣ ಬುರುಡೆಯನ್ನು ಉಪ್ಪುಕಾಗದದಿಂದ ಉಜ್ಜುವವರು ಮೂಗುಬಾಯಿಗೆ ಒಳ್ಳೆಯ ಮುಖಗವಸು ಹಾಕಿಕೊಳ್ಳಲೇಬೇಕು. ಬೂಷ್ಟಿನ ಬೀಜಾಣುಗಳಿರುವ ಆ ಧೂಳು ಗಂಟಲನ್ನೂ ಶ್ವಾಸಕೋಶವನ್ನೂ ಕೆರಳಿಸುತ್ತದೆ, ಉಬ್ಬಸವಿರುವವರು ಈ ಹಂತವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಕೊರೆಯುವಾಗಲೂ, ಒಳತಿರುಳನ್ನು ಕೆರೆದು ತೆಗೆಯುವಾಗಲೂ ಇದೇ ಎಚ್ಚರ ಬೇಕು.

ಇನ್ನು ದ್ವಾರದ ಅಳತೆ. ಅಂತರಜಾಲದಲ್ಲಿ ಸಿಗುವ ಸೋರೆಗೂಡಿನ ಹೆಚ್ಚಿನ ವಿನ್ಯಾಸಗಳು ಅಮೆರಿಕದ ಪರ್ಪಲ್ ಮಾರ್ಟಿನ್ ಎಂಬ ಕವಲುತೋಕೆ ಬಳಗದ ಹಕ್ಕಿಗಾಗಿ ಮಾಡಿದವು. ಬುರುಡೆ ತೂಗುಹಾಕಿ ಆ ಹಕ್ಕಿಯನ್ನು ಊರೊಳಗೆ ಕರೆಯುವ ಪದ್ಧತಿಯನ್ನು ಆರಂಭಿಸಿದವರು ಅಲ್ಲಿನ ಮೂಲನಿವಾಸಿಗಳು. ಈಗ ಆ ಖಂಡದ ಪೂರ್ವಭಾಗದಲ್ಲಿ ಮಾರ್ಟಿನ್‌ಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಕೊಟ್ಟ ಗೂಡುಗಳಲ್ಲಿಯೇ ಮರಿ ಮಾಡುತ್ತವೆ. ಅವುಗಳಿಗೆ ಬಯಲಿನ ನಡುವಿನ ಎತ್ತರದ ಕಂಬ, ಅದರಲ್ಲಿ ತೂಗಾಡುವ ಬುರುಡೆಗಳ ಗೊಂಚಲು, ಸುಮಾರು 54 ಮಿಲಿಮೀಟರಿನ ದ್ವಾರ ಬೇಕು. ಆ ವಿನ್ಯಾಸವನ್ನು ಹಾಗೆಯೇ ಪುಣೆಗೆ ತಂದರೆ ಗುಬ್ಬಚ್ಚಿಗೆ ಗೂಡು ಸಿಗುವುದಿಲ್ಲ, ಗೊರವಂಕಕ್ಕೆ ಸಿಗುತ್ತದೆ. ನಮ್ಮಲ್ಲಿ ಪೊಟರೆಯಲ್ಲಿ ಗೂಡು ಮಾಡುವ ಹಿತ್ತಲಿನ ಹಕ್ಕಿಗಳೇ ಬೇರೆ. ಗುಬ್ಬಚ್ಚಿಗೆ 32 ಮಿಲಿಮೀಟರಿನ ದ್ವಾರ ಸಾಕು, ಅದರಲ್ಲಿ ಗೊರವಂಕ ತೂರಲಾರದು. ಗಿಡಮರ ಹೆಚ್ಚಿರುವ ಕಡೆ ಚೇಕಡಿ ಹಕ್ಕಿಗೆ 28 ಮಿಲಿಮೀಟರ್ ಸಾಕು. ಮಡಿವಾಳ ಹಕ್ಕಿಗೆ 45ರಿಂದ 50 ಬೇಕಾಗುವುದರಿಂದ ಅಲ್ಲಿ ಗೊರವಂಕದ ಪೈಪೋಟಿಯನ್ನು ಒಪ್ಪಿಕೊಳ್ಳಲೇಬೇಕು.

ದ್ವಾರದ ಕೆಳಗೆ ಹಕ್ಕಿ ಕೂರಲೆಂದು ಕಡ್ಡಿ ಸಿಕ್ಕಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. 2010ರಿಂದ ಪ್ರತಿ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನವನ್ನು ಆಚರಿಸುತ್ತ ಬಂದಿದ್ದೇವೆ, ಆ ಹೊತ್ತಿಗೆ ಹಂಚುವ ಎಷ್ಟೋ ಪೆಟ್ಟಿಗೆಗಳಲ್ಲಿ ಈ ಕಡ್ಡಿ ಇದ್ದೇ ಇರುತ್ತದೆ. ಪೊಟರೆಯ ಹಕ್ಕಿಗಳು ಅಂಚನ್ನೇ ಉಗುರಿನಿಂದ ಹಿಡಿದು ಒಳಗೆ ಜಾರುತ್ತವೆ. ಕಡ್ಡಿಯಿಂದ ಉಪಯೋಗವಾಗುವುದು ಅದರ ಮೇಲೆ ಕುಳಿತು ಮರಿಗೆ ಕೊಕ್ಕು ಚಾಚುವ ಕಾಗೆಗೆ ಮತ್ತು ಕೆಂಬೂತಕ್ಕೆ.

ಕೊರೆಯಲು ಬೇಕಾದ 32 ಮಿಲಿಮೀಟರಿನ ಹೋಲ್ ಸಾ, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ, ರವಿವಾರ ಪೇಠೆಯ ಬೋಹರಿ ಆಳಿ ಎಂಬ ಓಣಿಯಲ್ಲಿ ಸಿಕ್ಕಿತು. ದುಂಡಗಿನ ಬುರುಡೆ ಮೇಜಿನ ಮೇಲೆ ಉರುಳುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಕೊಡ ಹೊರುವ ಸಿಂಬೆಗಿಂತ ಒಳ್ಳೆಯ ಸಾಧನ ನನಗೆ ಕಾಣಲಿಲ್ಲ. ಹಳೆಯ ಸೀರೆಯಿಂದ ದಪ್ಪ ಸಿಂಬೆ ಸುತ್ತಿ ಅದರ ಮೇಲೆ ಬುರುಡೆ ಕೂರಿಸಿದರೆ ಒಂದು ಕೈ ಸಾಕು. ಬುರುಡೆಯನ್ನು ಮೊದಲು ತೊಟ್ಟಿನಿಂದ ತೂಗುಹಾಕಿ, ಅದು ತಾನಾಗಿ ಯಾವ ಭಂಗಿಯಲ್ಲಿ ನಿಲ್ಲುತ್ತದೆ ಎಂದು ನೋಡಿ, ಹೊಟ್ಟೆಯ ಅತಿ ಉಬ್ಬಿದ ರೇಖೆಯ ಮೇಲೆ ದ್ವಾರದ ನಡುವನ್ನು ಗುರುತಿಸಬೇಕು. ಅದಕ್ಕಿಂತ ಮೇಲೆ ಕೊರೆದರೆ ದ್ವಾರ ಆಕಾಶಕ್ಕೆ ಮುಖಮಾಡಿ ಮಳೆನೀರು ಒಳಗಿಳಿಯುತ್ತದೆ. ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಡ್ರಿಲ್ಲನ್ನು ವೇಗವಾಗಿ ತಿರುಗಿಸುತ್ತ ಒತ್ತಡವನ್ನು ಮಾತ್ರ ಹಗುರವಾಗಿ ಕೊಡಬೇಕು. ಒತ್ತಿದರೆ ಹಲ್ಲು ಕಚ್ಚಿಕೊಂಡು ಚಿಪ್ಪು ಸೀಳುತ್ತದೆ. ಹೋಲ್ ಸಾ ಇಲ್ಲದವರು ವೃತ್ತದ ಅಂಚಿಗೆ ಸಣ್ಣ ತೂತುಗಳನ್ನು ಸಾಲಾಗಿ ಕೊರೆದು, ನಡುವಿನ ಬಿಲ್ಲೆಯನ್ನು ತೆಗೆದು, ದುಂಡು ಅರದಿಂದ ಅಂಚು ಸಮ ಮಾಡಬಹುದು. ಒಳಗೆ, ದ್ವಾರದ ಕೆಳಭಾಗದ ಗೋಡೆಯನ್ನು ಒರಟು ಉಪ್ಪುಕಾಗದದಿಂದ ಕೆರೆದಿಟ್ಟರೆ ಹಾರಲು ಸಿದ್ಧವಾದ ಮರಿಗಳಿಗೆ ಹತ್ತಿ ಬರಲು ಹಿಡಿತ ಸಿಗುತ್ತದೆ.

ತಳದಲ್ಲಿ ನೀರು ಇಳಿಯಲು ಆರು ಮಿಲಿಮೀಟರಿನ ನಾಲ್ಕೈದು ತೂತು, ಕುತ್ತಿಗೆಯ ಕೆಳಗೆ ಬಿಸಿಗಾಳಿ ಹೋಗಲು ಎರಡು ಮೂರು ತೂತು, ಕುತ್ತಿಗೆಯಲ್ಲಿ ತಂತಿಗೆಂದು ಎದುರುಬದುರಾಗಿ ಒಂದು ಜೋಡಿ. ಒಣ ತಿರುಳನ್ನು ಬಾಗಿಸಿದ ತಂತಿಯಿಂದ ಕಿತ್ತು, ಉಳಿದ ಪೊರೆ ಬಿಡಿಸಲು ಸಣ್ಣ ಜಲ್ಲಿ ಮತ್ತು ನೀರು ಹಾಕಿ ಕುಲುಕಿ, ಮತ್ತೆ ಚೆನ್ನಾಗಿ ಒಣಗಿಸಬೇಕು. ಪ್ರತಿವರ್ಷ ಒಳಗನ್ನು ಶುಚಿ ಮಾಡಬೇಕಾದ್ದರಿಂದ ಹಿಂಭಾಗದಲ್ಲಿ ಒಂದು ಬಾಗಿಲೂ ಬೇಕು. ಅಗಲ ಬಾಯಿಯ ಪ್ಲಾಸ್ಟಿಕ್ ಬರಣಿಯ ತಿರುಪಿನ ಕಂಠವನ್ನು ಕತ್ತರಿಸಿ, ಅದರ ಅಳತೆಗೆ ಬುರುಡೆಯಲ್ಲಿ ರಂಧ್ರ ಮಾಡಿ, ಎಂ-ಸೀಲ್ ಮೆತ್ತಿ ಕೂರಿಸಿದರೆ ಅದೇ ಬರಣಿಯ ಮುಚ್ಚಳ ಬಾಗಿಲಾಗುತ್ತದೆ. ಆ ರಂಧ್ರದಿಂದ ಬಂದ ಬಿಲ್ಲೆಯನ್ನು ಅರ್ಧಚಂದ್ರಾಕಾರಕ್ಕೆ ಕತ್ತರಿಸಿ ದ್ವಾರದ ಮೇಲೆ ಅಂಟಿಸಿದರೆ ಮಳೆಗೆ ಸಜ್ಜಾ ಸಿದ್ಧವಾಗುತ್ತದೆ.

ಬಣ್ಣದ ವಿಷಯದಲ್ಲಿ ಅಲಂಕಾರಕ್ಕಿಂತ ತಾಪವನ್ನು ನೋಡಬೇಕು. ಪುಣೆಯಲ್ಲಿ ಗುಬ್ಬಚ್ಚಿಗಳು ಹೆಚ್ಚು ಮರಿ ಮಾಡುವ ತಿಂಗಳುಗಳಲ್ಲಿ ಮಾರ್ಚ್, ಏಪ್ರಿಲ್, ಮೇ ಸೇರಿವೆ, ಏಪ್ರಿಲಿನ ಮಧ್ಯಾಹ್ನ 40 ಡಿಗ್ರಿಯ ಹತ್ತಿರ ಹೋಗುವುದು ಇಲ್ಲಿ ಅಪರೂಪವಲ್ಲ. ಇನ್ನೂ ರೆಕ್ಕೆ ಬಲಿಯದ ಮರಿಗಳು ಬಿಸಿಯಾದ ಪೊಟರೆಯಿಂದ ತಪ್ಪಿಸಿಕೊಳ್ಳಲಾರವು. ಗೂಡುಗಳನ್ನು ಏರಿಸುವ ಮೊದಲು ಒಂದು ಬಣ್ಣವಿಲ್ಲದ ಬುರುಡೆಯನ್ನೂ ಒಂದು ಬಿಳಿ ಬಳಿದ ಬುರುಡೆಯನ್ನೂ ಪಕ್ಕಪಕ್ಕದಲ್ಲಿ ಬಿಸಿಲಿಗೆ ಕಟ್ಟಿ ಒಳಗೆ ತಾಪಮಾಪಕದ ತಂತಿ ಇಳಿಬಿಟ್ಟು ನೋಡಿದಾಗ, ಬಣ್ಣವಿಲ್ಲದ್ದರ ಒಳಗೆ ನಾಲ್ಕೈದು ಡಿಗ್ರಿ ಹೆಚ್ಚೇ ಇತ್ತು. ಆದ್ದರಿಂದ ಬಿಸಿಲು ಬೀಳುವ ಯಾವ ಗೂಡಿಗಾದರೂ ಹೊರಗೋಡೆಗೆ ಬಳಿಯುವ ನೀರಿನ ಬಿಳಿ ಎಮಲ್ಷನ್ ಎರಡು ಕೈ ಹಚ್ಚಿದ್ದೇನೆ. ಒಳಗೂ, ದ್ವಾರದ ಅಂಚಿಗೂ ಬಣ್ಣ ತಾಗಿಸಿಲ್ಲ. ಪೂರ್ತಿ ನೆರಳಿನಲ್ಲಿರುವವಕ್ಕೆ ಹಸಿ ಅಗಸೆ ಎಣ್ಣೆ ಸಾಕು, ಅದು ಪೂರ್ತಿ ಆರಲು ಹಲವು ವಾರ ಬೇಕು. ಅಂಗಡಿಯಲ್ಲಿ ಕುದಿಸಿದ ಅಗಸೆ ಎಣ್ಣೆ ಎಂದು ಸಿಗುವುದರಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುವುದರಿಂದ ಗೂಡಿಗೆ ಅದು ಬೇಡ.

ಚಿತ್ತಾರದ ಆಸೆಯಿರುವವರಿಗೆ ಛತ್ತೀಸಗಢದ ಬಸ್ತರಿನಲ್ಲಿ ಸೋರೆಬುರುಡೆಯ ಮೇಲೆ ಮಾಡುವ ತೂಮಾ ಕಲೆ ಮಾದರಿಯಾಗಬಲ್ಲದು. ಅಲ್ಲಿ ಕಾಯಿಸಿದ ಕಬ್ಬಿಣದ ತುದಿಯಿಂದ ಚಿಪ್ಪಿನ ಮೇಲೆ ಸುಟ್ಟು ಗೆರೆಗಳನ್ನು ಮೂಡಿಸುತ್ತಾರೆ. ಬೆಸುಗೆ ಹಾಕುವ ಕಡ್ಡಿಯಿಂದಲೂ ಆ ಕೆಲಸ ಆಗುತ್ತದೆ. ದೀಪದ ಗೂಡಿಗೆ, ಬೀಜದ ಬುರುಡೆಗೆ ನಾನೂ ಎಳೆ ರಂಗೋಲಿ ಸುಟ್ಟಿದ್ದೇನೆ, ಹಕ್ಕಿಗೂಡಿಗೆ ಮಾತ್ರ ಬರೀ ಬಿಳಿಯೇ ಇರಲಿ ಎಂದು ಬಿಟ್ಟಿದ್ದೇನೆ.

ತೂಗುಹಾಕುವಾಗ ಮುಖ್ಯವಾದದ್ದು ದಿಕ್ಕು. ನಮ್ಮ ಮಳೆಗಾಳಿ ನೈಋತ್ಯದಿಂದ ಬೀಸುತ್ತದೆ, ಮಧ್ಯಾಹ್ನದ ಬಿಸಿಲೂ ಪಶ್ಚಿಮದಿಂದಲೇ ಕಾಡುತ್ತದೆ. ದ್ವಾರ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ ಮುಖಮಾಡಿದರೆ ಎರಡೂ ತಪ್ಪುತ್ತವೆ. ಗುಬ್ಬಚ್ಚಿಗೆ ತೂಗಾಡುವ ಗೂಡಿಗಿಂತ ಗೋಡೆಗೆ ಒತ್ತಿಕೊಂಡ ಗೂಡು ಹಿಡಿಸುತ್ತದೆ. ಕುತ್ತಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಹಾಯಿಸಿ ಸಜ್ಜಾದ ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಹೊಟ್ಟೆಯ ಸುತ್ತ ಇನ್ನೊಂದು ಪಟ್ಟಿಯಿಂದ ಗೋಡೆಗೆ ಬಿಗಿದರೆ ಗಾಳಿಗೆ ಅಲುಗದು. ಎತ್ತರ ಎಂಟು ಹತ್ತು ಅಡಿ ಇರಲಿ, ಬೆಕ್ಕು ಜಿಗಿದು ಕೂರುವ ಕಟ್ಟೆ ಪಕ್ಕದಲ್ಲಿರದಿರಲಿ, ಫ್ಲ್ಯಾಟಿನ ಬಾಲ್ಕನಿಯಾದರೆ ಹಕ್ಕಿ ಒಳಗೆ ಬಂದು ಫ್ಯಾನಿಗೆ ಸಿಲುಕದಂತೆ ಬಾಗಿಲಿಗೆ ಜಾಳಿಗೆ ಇರಲಿ. ಗುಬ್ಬಚ್ಚಿಗಳು ಗುಂಪಿನ ಹಕ್ಕಿಗಳಾದ್ದರಿಂದ ಒಂದೇ ಗೋಡೆಗೆ ಮೂರು ನಾಲ್ಕು ಗೂಡು ಹಾಕಬಹುದು. ಮಡಿವಾಳ ತನ್ನ ಗಡಿಯನ್ನು ಕಾಯುವ ಹಕ್ಕಿ, ಒಂದು ಹಿತ್ತಲಿಗೆ ಅದರದು ಒಂದೇ ಸಾಕು.

ಫೆಬ್ರುವರಿಯಲ್ಲಿ ಕಟ್ಟಿದ ಗೂಡುಗಳಲ್ಲಿ ಮೊದಲು ಹಿಡಿದದ್ದು ಅಡುಗೆಮನೆಯ ಕಿಟಕಿಯ ಮೇಲಿನದು. ಗಂಡು ಗುಬ್ಬಿ ದ್ವಾರದಲ್ಲಿ ಕುಳಿತು ಕೂಗುವುದು, ಆಮೇಲೆ ಎರಡೂ ಸೇರಿ ಹುಲ್ಲು, ದಾರ, ಪಾರಿವಾಳದ ಗರಿ ತುರುಕುವುದು ಕಂಡಿತು. ಮೂರರಿಂದ ಐದು ಮೊಟ್ಟೆ, ಹನ್ನೆರಡು ದಿನಗಳ ಆಸುಪಾಸಿನ ಕಾವು, ಮತ್ತೆ ಎರಡು ವಾರಕ್ಕೆ ಮರಿ ಹೊರಗೆ. ಇದು ಗುಬ್ಬಚ್ಚಿಯ ಸಾಮಾನ್ಯ ಲೆಕ್ಕ, ಒಂದು ಸಂಸಾರ ಹಾರಿದ ಮೇಲೆ ಅದೇ ಗೂಡಿನಲ್ಲಿ ಮತ್ತೊಮ್ಮೆ ಆರಂಭಿಸುವುದೂ ಸಾಮಾನ್ಯ. ದೊಡ್ಡ ದ್ವಾರದ ಬುರುಡೆಯನ್ನು ಮಡಿವಾಳ ಜೋಡಿ ಒಳಹೊಕ್ಕು ನೋಡಿತು, ಕೊನೆಗೆ ಅದನ್ನು ಗೆದ್ದುಕೊಂಡದ್ದು ಗೊರವಂಕ. ಗೂಡಿನಲ್ಲಿ ಮೊಟ್ಟೆಮರಿ ಇರುವಷ್ಟು ದಿನ ಹಿಂಬಾಗಿಲನ್ನು ತೆರೆದು ನೋಡುವ ಚಪಲವನ್ನು ಮಕ್ಕಳೂ ದೊಡ್ಡವರೂ ತಡೆದುಕೊಳ್ಳಬೇಕು.

ಮಳೆ ಮುಗಿದು ಗೂಡುಗಳು ಖಾಲಿಯಾದ ಅಕ್ಟೋಬರಿನಲ್ಲಿ ಅವನ್ನು ಇಳಿಸಿ, ಮುಖಗವಸು ಹಾಕಿಕೊಂಡು ಹಳೆಯ ಹುಲ್ಲನ್ನು ತೆಗೆದು, ಹೇನು ಉಣ್ಣೆಗಳು ಹೋಗುವಂತೆ ಕುದಿನೀರು ಸುರಿದು, ಬಾಗಿಲು ತೆರೆದಿಟ್ಟು ಒಣಗಿಸಿದೆ. ಎರಡು ಗೂಡುಗಳಲ್ಲಿ ತಂತಿಯ ತೂತಿನಿಂದ ಕೂದಲೆಳೆಯ ಬಿರುಕು ಹೊರಟಿತ್ತು. ಬಿರುಕಿನ ತುದಿಯಲ್ಲಿ ಸೂಜಿಯಗಲದ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಬಿರುಕಿಗೆ ಬುರುಡೆಯದೇ ಪುಡಿಯನ್ನು ನೀರಿಗೆ ಜಗ್ಗದ ಮರದ ಅಂಟಿನಲ್ಲಿ ಕಲಸಿ ತುಂಬಿ, ಕುತ್ತಿಗೆಗೆ ಹತ್ತಿಯ ದಾರವನ್ನು ಒತ್ತಾಗಿ ಸುತ್ತಿ ಅದರ ಮೇಲೂ ಅಂಟು ಹಚ್ಚಿ, ತೂತಿನೊಳಗೆ ಹಳೆಯ ಪೆನ್ನಿನ ಕೊಳವೆಯ ತುಂಡು ಸೇರಿಸಿದೆ. ತಂತಿ ಈಗ ಚಿಪ್ಪನ್ನು ನೇರವಾಗಿ ಕೊರೆಯುವುದಿಲ್ಲ. ಪಶ್ಚಿಮದ ಗೋಡೆಯಲ್ಲಿದ್ದ ತೆಳುಚಿಪ್ಪಿನ ಒಂದು ಬುರುಡೆ ಮಾತ್ರ ತಳದಲ್ಲಿ ಮೆತ್ತಗಾಗಿತ್ತು, ಅದು ಹೆಚ್ಚು ಕಾಯಿ ಬಿಟ್ಟು ನೋಡಿದ ಬಳ್ಳಿಯದು. ದಪ್ಪ ಚಿಪ್ಪಿನವು ಹೊಸ ಬಣ್ಣ ಬಳಿಸಿಕೊಂಡು ಮತ್ತೆ ಗೋಡೆ ಸೇರಿವೆ.

ಕೆಂಪು ದಾರದ ಕಾಯಿಗಳ ಬೀಜವನ್ನು ಬೂದಿಯಲ್ಲಿ ಬೆರೆಸಿ, ಬೂಚು ಹಾಕಿದ ಸಣ್ಣ ಬುರುಡೆಯಲ್ಲಿಯೇ ತುಂಬಿಟ್ಟಿದ್ದೇನೆ. ಸೊಸೈಟಿಯ ಹೆಂಗಸರು ಕೇಳಿದಾಗ ಐದಾರು ಬೀಜ ಪೊಟ್ಟಣ ಕಟ್ಟಿ ಕೊಡುವುದುಂಟು. ಪೊಟ್ಟಣದ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಕಹಿ, ಅಡುಗೆಗಲ್ಲ ಎಂದು ಬರೆದೇ ಕೊಡುತ್ತೇನೆ.